ಪೊರಕೆಯಿಂದ ಶುರು ಮಾಡಿ: ಹಳೇ ಚಾವಣಿ ಸೇತುವೆ ಉಳಿಸಿಕೊಳ್ಳುವ ಬಗೆ

ಏಪ್ರಿಲ್ ಕೊನೆಯ ಶನಿವಾರ ನಮ್ಮೂರಲ್ಲಿ ಸೇತುವೆ ಗುಡಿಸುವ ದಿನ. ಹಿಮ ಆಗಷ್ಟೇ ಕರಗಿರುತ್ತದೆ, ಮಣ್ಣುರಸ್ತೆಗಳೆಲ್ಲ ಕೆಸರು. ಬೆಳಗ್ಗೆ ಎಂಟಕ್ಕೆ ಹತ್ತು ಹದಿನೈದು ಜನ ಪೊರಕೆ, ಸಲಿಕೆ, ಬಕೆಟ್ ಹಿಡಿದು ಸೇರುತ್ತೇವೆ. ಮೊದಲ ವರ್ಷ ನನ್ನ ಪಾಲಿಗೆ ಬಂದಿದ್ದು ಸೇತುವೆಯ ಒಂದು ಮೂಲೆ. ಕೆಳಗಿನ ದಪ್ಪ ತೊಲೆಯ ತುದಿ ದಡದ ಕಲ್ಲುಕಟ್ಟೆಯ ಮೇಲೆ ಕೂರುವ ಜಾಗ ಅದು. ಚಳಿಗಾಲವಿಡೀ ಕಾರಿನ ಟೈರುಗಳಿಂದ ಉದುರಿದ ಮರಳು, ಮಣ್ಣು, ರಸ್ತೆಗೆ ಹಾಕಿದ ಉಪ್ಪು ಎಲ್ಲ ಸೇರಿ ಅಲ್ಲಿ ಒಂದು ಗೇಣು ಎತ್ತರಕ್ಕೆ ಗುಡ್ಡೆ ಬಿದ್ದಿತ್ತು. ಸಲಿಕೆಯಿಂದ ತೆಗೆದೆ. ಕೆಳಗಿನ ಮರ ಒದ್ದೆಯಾಗಿ ಕಪ್ಪಗಿತ್ತು. ಜೊತೆಗಿದ್ದ ಹಿರಿಯ ಬಡಗಿಯೊಬ್ಬರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗಿಟ್ಟು, "ಚುಚ್ಚಿ ನೋಡು" ಎಂದರು. ಟೀಯಲ್ಲಿ ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಅರ್ಧ ಇಂಚು ಒಳಗೆ ಹೋಯಿತು. ಅದೇ ತೊಲೆಗೆ ಒಂದು ಮಾರು ಆಚೆ, ಒಣಗಿದ ಕಡೆ ಚುಚ್ಚಿದೆ. ತುದಿಯೂ ಇಳಿಯಲಿಲ್ಲ. ಎರಡೂ ಒಂದೇ ಮರ, ಒಂದೇ ವಯಸ್ಸು.

ನಾನಿರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಸಣ್ಣ ಊರಲ್ಲಿ. ಈ ರಾಜ್ಯದಲ್ಲಿ ಇನ್ನೂ ನೂರರ ಆಸುಪಾಸು ಚಾವಣಿ ಸೇತುವೆಗಳಿವೆ. ಇಲ್ಲಿನವರು ಕವರ್ಡ್ ಬ್ರಿಡ್ಜ್ ಅನ್ನುತ್ತಾರೆ. ಮರದ ಸೇತುವೆ, ಎರಡೂ ಬದಿಗೆ ಹಲಗೆ ಗೋಡೆ, ಮೇಲೆ ಮಾಡು. ಹೊರಗಿನಿಂದ ನೋಡಿದರೆ ಹೊಳೆಯ ಮೇಲೆ ಅಡ್ಡ ಇಟ್ಟ ಕೊಟ್ಟಿಗೆಯ ಹಾಗೆ ಕಾಣುತ್ತದೆ. ಪಕ್ಕದ ನ್ಯೂ ಹ್ಯಾಂಪ್‌ಶೈರ್, ಆಚೆ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾಗಳಲ್ಲೂ ಇವು ಬಹಳ ಇವೆ. ಅಲ್ಲೆಲ್ಲ ನಮ್ಮ ಕನ್ನಡದವರ ಮನೆಗಳೂ ಇವೆ. ಶರತ್ಕಾಲದಲ್ಲಿ ಎಲೆಯ ಬಣ್ಣ ನೋಡಲು ಹೋಗಿ ಸೇತುವೆ ಮುಂದೆ ಫೋಟೊ ತೆಗೆಸಿಕೊಳ್ಳದವರು ಕಡಿಮೆ. ನಿಮ್ಮ ಮನೆ ಹತ್ತಿರವೂ ಇಂಥದ್ದೊಂದು ಇದ್ದರೆ, ಅದನ್ನು ಉಳಿಸುವ ಕೆಲಸಕ್ಕೆ ನೀವು ಹೇಗೆ ಕೈಜೋಡಿಸಬಹುದು ಅಂತ ನಾನು ಕಲಿತಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ಈ ಸೇತುವೆಗೆ ಮಾಡು ಇರುವುದು ದಾಟುವವರು ನೆನೆಯದಿರಲಿ ಅಂತಲ್ಲ, ಸೇತುವೆಯೇ ನೆನೆಯದಿರಲಿ ಅಂತ. ಮಳೆಗೆ ಬಿಟ್ಟ ಮರದ ಸೇತುವೆ 10-15 ವರ್ಷ ಬಾಳಿದರೆ ಹೆಚ್ಚು. ಮಾಡು ಹೊದಿಸಿದರೆ ನೂರು ವರ್ಷ ದಾಟುತ್ತದೆ. ಅಮೆರಿಕದ ಮೊದಲ ಚಾವಣಿ ಸೇತುವೆ ಎಂದು ಹೆಸರಾದದ್ದು ಫಿಲಡೆಲ್ಫಿಯಾದ್ದು. ತಿಮೊಥಿ ಪಾಮರ್ ಕಟ್ಟಿದ್ದು, 1805ರಲ್ಲಿ ಮುಗಿಯಿತು. ಸೇತುವೆ ಕಂಪನಿಯ ಮುಖ್ಯಸ್ಥರಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್, ಇಷ್ಟು ಹಣ ಹಾಕಿ ಕಟ್ಟಿದ ಮೇಲೆ ಮಾಡು ಹಾಕಲೇಬೇಕು ಅಂತ ಹಟ ಹಿಡಿದರು. ಮಲೆನಾಡಿನ ಹಳೇ ಮನೆ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ಬದಲಿಸದೆ ಬಿಟ್ಟರೆ ಕೆಳಗಿನ ಜಂತೆ ಏನಾಗುತ್ತದೆ ಅಂತ ಅವರಿಗೆ ಗೊತ್ತು.

1. ಸೇತುವೆ ಯಾರದ್ದು ಅಂತ ತಿಳಿದುಕೊಳ್ಳಿ

ಊರಿನದ್ದೋ, ಕೌಂಟಿಯದ್ದೋ, ರಾಜ್ಯದ್ದೋ, ಖಾಸಗಿಯವರದ್ದೋ? ಟೌನ್ ಆಫೀಸಿಗೆ ಹೋಗಿ ಕ್ಲರ್ಕ್ ಹತ್ತಿರ ಕೇಳಿದರೆ ಹೇಳುತ್ತಾರೆ. ಇಲ್ಲಿ ಹೆಚ್ಚಿನವು ಊರಿನವೇ. ಒಡೆಯರ ಒಪ್ಪಿಗೆ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಒಳ್ಳೇದು ಮಾಡಲು ಹೋಗಿ ಆಗುವ ಹಾನಿ ಸಣ್ಣದಲ್ಲ. ಒಂದು ಕಡೆ ಉತ್ಸಾಹಿಗಳು ಗಾಳಿಯಾಡಲಿ ಅಂತ ಕೆಳಗಿನ ಹಲಗೆಗಳನ್ನು ಬಿಚ್ಚಿದ್ದನ್ನು ನಾನೇ ನೋಡಿದ್ದೇನೆ. ಎರಡೇ ವರ್ಷದಲ್ಲಿ ಒಳಗಿನ ತೊಲೆಗೆ ಎರಚಲು ಬಡಿದು ಬೂಸ್ಟು ಬಂತು.

ಊರಲ್ಲಿ ಈಗಾಗಲೇ ಸೇತುವೆ ಸಮಿತಿಯೋ ಇತಿಹಾಸ ಸಂಘವೋ ಇದ್ದರೆ ಅದನ್ನೇ ಸೇರಿ. ಇಲ್ಲದಿದ್ದರೆ ಐದಾರು ಜನ ಸೇರಿ ಶುರು ಮಾಡಿ. ಒಬ್ಬ ಬಡಗಿ, ಅಗ್ನಿಶಾಮಕ ದಳದ ಒಬ್ಬರು, ಊರಿನ ರಸ್ತೆ ಕೆಲಸ ನೋಡುವವರು, ಲೆಕ್ಕ ಬರೆಯುವವರು. ಇವರಿದ್ದರೆ ಅರ್ಧ ಕೆಲಸ ಆದ ಹಾಗೆ.

2. ನಿಮ್ಮ ಸೇತುವೆಯ ಮೈಕಟ್ಟು ಕಲಿಯಿರಿ

ಒಳಗೆ ನಿಂತು ಗೋಡೆ ನೋಡಿ. ಭಾರ ಹೊರುವುದು ಹೊರಗಿನ ಹಲಗೆಯಲ್ಲ, ಒಳಗಿನ ಮರದ ಹಂದರ. ಅದಕ್ಕೆ ಟ್ರಸ್ ಅನ್ನುತ್ತಾರೆ. ಬರೀ ತ್ರಿಕೋನವಿದ್ದರೆ ಕಿಂಗ್‌ಪೋಸ್ಟ್. ಕಂಬಗಳ ಜೊತೆ ದೊಡ್ಡ ಕಮಾನು ಹಾದುಹೋಗಿದ್ದರೆ ಬರ್ ಆರ್ಚ್, ಪೆನ್ಸಿಲ್ವೇನಿಯಾದಲ್ಲಿ ಇದೇ ಜಾಸ್ತಿ. ಮರದ ಜೊತೆ ನಿಲುವಾಗಿ ಕಬ್ಬಿಣದ ಸರಳುಗಳಿದ್ದರೆ ಹೋವ್ ಇರಬಹುದು. ಹಲಗೆಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸಿ ಜಾಳಂದ್ರದ ಹಾಗೆ ಹೆಣೆದಿದ್ದರೆ ಟೌನ್ ಲ್ಯಾಟಿಸ್.

ಈ ಕೊನೆಯದ್ದು ನನಗೆ ತುಂಬ ಇಷ್ಟ. ಇಥಿಯಲ್ ಟೌನ್ ಎಂಬಾತ 1820ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಭಾರೀ ತೊಲೆ ಬೇಡ, ಸಾಮಾನ್ಯ ಹಲಗೆ ಸಾಕು. ಕಬ್ಬಿಣವೂ ಬೇಡ. ಹಲಗೆ ಹಾಯುವ ಕಡೆಯೆಲ್ಲ ರಂಧ್ರ ಕೊರೆದು, ಸುಮಾರು ಎರಡು ಇಂಚು ದಪ್ಪದ ಓಕ್ ಮರದ ಗೂಟ ಹೊಡೆದರೆ ಮುಗಿಯಿತು. ಈ ಗೂಟಕ್ಕೆ ಇಲ್ಲಿನ ಬಡಗಿಗಳು ಟ್ರನಲ್ ಅನ್ನುತ್ತಾರೆ. ಊರಿನ ಬಡಗಿಗಳೇ ಕಟ್ಟಬಹುದಾಗಿದ್ದರಿಂದ ಅದು ಎಲ್ಲ ಕಡೆ ಹಬ್ಬಿತು. ಅಂಥ ಗೂಟವೊಂದರ ತಲೆ ಮೇಲೆ ಕೈಯಾಡಿಸಿ ನೋಡಿ. ಕೊಡತಿಯ ಪೆಟ್ಟಿಗೆ ಅಂಚು ಚಪ್ಪಟೆಯಾಗಿ ಹರಡಿರುವುದು ಬೆರಳಿಗೆ ಸಿಗುತ್ತದೆ.

ಹಾಗೇ ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ. ಸೇತುವೆ ಕಟ್ಟಿದ ವರ್ಷ, ಉದ್ದ, ಟ್ರಸ್ ಬಗೆ, ಹಿಂದಿನ ರಿಪೇರಿಗಳು ಎಲ್ಲ ಅದರಲ್ಲಿ ಬರಲಿ. ಚಾವಣಿ ಸೇತುವೆಗಳಿಗೆ ಒಂದು ಸಂಖ್ಯೆ ಕೂಡ ಇರುತ್ತದೆ. ಮೊದಲು ರಾಜ್ಯ, ಆಮೇಲೆ ಕೌಂಟಿ, ಆಮೇಲೆ ಸೇತುವೆ. ವರ್ಮಾಂಟಿನವು 45ರಿಂದ, ನ್ಯೂ ಹ್ಯಾಂಪ್‌ಶೈರಿನವು 29ರಿಂದ ಶುರುವಾಗುತ್ತವೆ. ಆ ಸಂಖ್ಯೆ ಸಿಕ್ಕರೆ ಹಳೇ ಫೋಟೊ, ದಾಖಲೆ ಹುಡುಕುವುದು ಸುಲಭ.

3. ವರ್ಷಕ್ಕೆರಡು ಸಲ ನಡೆದು ನೋಡಿ

ಹಿಮ ಕರಗಿದ ಮೇಲೆ ಒಮ್ಮೆ, ಎಲೆ ಉದುರಿದ ಮೇಲೆ ಒಮ್ಮೆ. ಒಬ್ಬರೇ ಹೋಗಬೇಡಿ. ಹೊಳೆ ತುಂಬಿರುವಾಗ ಸೇತುವೆ ಕೆಳಗೆ ಇಳಿಯಲೇಬೇಡಿ. ಟಾರ್ಚ್, ಸ್ಕ್ರೂಡ್ರೈವರ್, ದಾರ, ತೂಗುಗುಂಡು, ಟೇಪು, ಸೀಮೆಸುಣ್ಣ ಇದ್ದರೆ ಸಾಕು. ಮರದ ತೇವ ಅಳೆಯುವ ಪುಟ್ಟ ಮೀಟರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದೂ ಇರಲಿ. ತೇವ 20 ಪರ್ಸೆಂಟಿಗಿಂತ ಕೆಳಗಿದ್ದರೆ ಮರ ಕೊಳೆಯುವುದಿಲ್ಲ. ಅದಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಬೂಸ್ಟು ಕೆಲಸ ಶುರು ಮಾಡುತ್ತದೆ.

ಮಳೆ ಬರುವಾಗ ಒಳಗೆ ನಿಂತು ಮೇಲೆ ನೋಡುವುದು ಎಲ್ಲಕ್ಕಿಂತ ಒಳ್ಳೆಯ ತಪಾಸಣೆ. ಎಲ್ಲಿ ಸೋರುತ್ತದೆ ಅಂತ ಸೇತುವೆಯೇ ತೋರಿಸಿಬಿಡುತ್ತದೆ. ಹನಿ ಬಿದ್ದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಅದರ ನೇರ ಮೇಲೆ ಮಾಡಿನಲ್ಲಿ ಏನಾಗಿದೆ ಅಂತ ನೋಡಿ. ನೀರು ಜಂತೆಯ ಮೇಲೆ ಹರಿದು ಬೇರೆ ಕಡೆ ತೊಟ್ಟಿಕ್ಕುವುದೂ ಉಂಟು.

ಆಮೇಲೆ ನಾಲ್ಕು ಮೂಲೆಗಳು. ಇಲ್ಲಿ ಅವಸರ ಬೇಡ. ಕೆಳತೊಲೆಯ ತುದಿ, ಅದರಡಿಯ ಮೆತ್ತೆ ತೊಲೆ, ಅದು ಕೂತಿರುವ ಕಲ್ಲು, ಇವು ಮೂರೂ ಸೇರುವ ಕಡೆ ಮರ ಮೊದಲು ಕೆಡುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವ ಮರ ಒಳಗೆ ಲಡ್ಡಾಗಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ಮರ ಠಣ್ ಅನ್ನುತ್ತದೆ, ಟೊಳ್ಳು ಮರ ಡಬ್ ಅನ್ನುತ್ತದೆ. ಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಹುಳು ಕೊರೆಯುತ್ತಿದೆ. ದೊಡ್ಡ ಕಪ್ಪಿರುವೆಗಳು ಸಾಲುಗಟ್ಟಿದ್ದರೆ ಹತ್ತಿರದಲ್ಲೇ ಒದ್ದೆ ಮರ ಇದೆ ಅಂತ ತಿಳಿಯಿರಿ. ಮೆತ್ತೆ ತೊಲೆ ಕೊಳೆತಿದ್ದರೆ ಹೆದರಬೇಕಿಲ್ಲ. ಕೆಡುವುದಾದರೆ ಅದೇ ಮೊದಲು ಕೆಡಲಿ, ಅದನ್ನು ಬದಲಿಸಿದರಾಯಿತು ಅಂತಲೇ ಹಳಬರು ಅದನ್ನು ಇಟ್ಟಿರುವುದು.

ಕೊನೆಗೆ ಸೇತುವೆ ನೇರವಾಗಿದೆಯಾ ನೋಡಿ. ಒಳ್ಳೆಯ ಚಾವಣಿ ಸೇತುವೆ ನಡುವೆ ಸ್ವಲ್ಪ ಮೇಲಕ್ಕೆ ಉಬ್ಬಿರುತ್ತದೆ. ಎರಡು ತುದಿಗೆ ದಾರ ಬಿಗಿದು ನಡುವಿನ ಅಳತೆ ಬರೆದುಕೊಳ್ಳಿ. ತೂಗುಗುಂಡು ಬಿಟ್ಟು ಗೋಡೆ ಎಷ್ಟು ವಾಲಿದೆ ನೋಡಿ. ಒಂದು ಸಲದ ಅಳತೆಯಿಂದ ಏನೂ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಅಳತೆ ಪಕ್ಕಪಕ್ಕ ಇಟ್ಟಾಗ, ಕಾಲು ಇಂಚು ಕಾಲು ಇಂಚು ಇಳಿಯುತ್ತಿದ್ದರೆ ಗೊತ್ತಾಗುತ್ತದೆ. ಎಂಜಿನಿಯರ್ ಬಂದಾಗ ಮೊದಲು ಕೇಳುವುದು ಆ ನೋಟ್‌ಬುಕ್ಕನ್ನೇ.

4. ಗುಡಿಸಿ, ಕೆರೆಯಿರಿ, ಗಾಳಿ ಬಿಡಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಖರ್ಚಿಲ್ಲ, ಪರಿಣತಿ ಬೇಡ, ಮಕ್ಕಳೂ ಸೇರಬಹುದು. ನೆಲದ ಹಲಗೆ ಗುಡಿಸಿ. ಸಂದುಗಳಲ್ಲಿ ತುಂಬಿದ ಮಣ್ಣನ್ನು ಕೆರೆದು ತೆಗೆಯಿರಿ. ಟ್ರಸ್‌ನ ಬುಡದಲ್ಲಿ, ಎರಡು ತೊಲೆ ಸೇರುವ ಕಡೆ ಕೂತ ಕಸಕ್ಕೆ ಗಟ್ಟಿ ಬ್ರಷ್ಷು ಬೇಕು. ಕಲ್ಲುಕಟ್ಟೆಯ ಮೇಲಿನ ಗುಡ್ಡೆಯನ್ನು ಬಕೆಟ್ಟಿಗೆ ತುಂಬಿ ಹೊರಗೆ ಸಾಗಿಸಿ, ಹೊಳೆಗೆ ತಳ್ಳಬೇಡಿ. ಜೋರಾಗಿ ನೀರು ಹೊಡೆಯುವ ಯಂತ್ರ ತರುತ್ತೇನೆ ಅಂತ ಯಾರಾದರೂ ಮುಂದೆ ಬರುತ್ತಾರೆ. ದಯವಿಟ್ಟು ಬೇಡ ಅನ್ನಿ. ಆ ನೀರು ಬಿರುಕಿನೊಳಗೆ ಹೊಕ್ಕು ವಾರಗಟ್ಟಲೆ ಕೂರುತ್ತದೆ.

ಸುತ್ತಲಿನ ಪೊದೆ, ಬಳ್ಳಿ ಕತ್ತರಿಸಿ. ಬಿಸಿಲು ಗಾಳಿ ತಾಗಿದರೆ ಮರ ತಾನೇ ಒಣಗುತ್ತದೆ. ಮಾಡಿನ ಮೇಲೆ ಚಾಚಿದ ಕೊಂಬೆ ತೆಗೆಸಿ, ಆದರೆ ದಡದ ಮರಗಳ ಬೇರು ಮುಟ್ಟಬೇಡಿ, ದಡ ಹಿಡಿದುಕೊಂಡಿರುವುದು ಅವೇ. ಮಾಡಿನ ಕೆಳಗೆ ಬಾವಲಿಗಳಿದ್ದರೆ ರಾಜ್ಯದ ವನ್ಯಜೀವಿ ಇಲಾಖೆಗೆ ಕೇಳಿ ಮುಂದುವರಿಯಿರಿ. ಹೋದ ಹಲಗೆ ತಕ್ಷಣ ಹಾಕಿಸಿ. ಸೇತುವೆಯ ಎರಡೂ ಕಡೆ ರಸ್ತೆ ಇಳಿಜಾರಾಗಿದ್ದರೆ ಮಳೆನೀರು ನೇರ ಒಳಗೆ ಹರಿಯುತ್ತದೆ. ಬಾಯಿಯ ಹತ್ತಿರ ಒಂದು ಅಡ್ಡ ಚರಂಡಿ, ಹತ್ತಿಪ್ಪತ್ತು ಅಡಿ ಡಾಂಬರು ಹಾಕಿಸಲು ರಸ್ತೆಯವರಿಗೆ ಒತ್ತಾಯ ಮಾಡಿ. ಮಣ್ಣು ಒಳಬರುವುದು ಬಹಳ ಕಡಿಮೆಯಾಗುತ್ತದೆ.

5. ಬೆಂಕಿ, ಲಾರಿ

ನ್ಯೂ ಹ್ಯಾಂಪ್‌ಶೈರಿನ ನ್ಯೂಪೋರ್ಟ್ ಊರಿನ ಕಾರ್ಬಿನ್ ಸೇತುವೆಗೆ 1993ರಲ್ಲಿ ಯಾರೋ ಬೆಂಕಿ ಇಟ್ಟರು. ಊರಿನವರು ಬಿಡಲಿಲ್ಲ. ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿಸಿದರು. ಸೇತುವೆ ಬಡಗಿ ಆರ್ನಾಲ್ಡ್ ಗ್ರಾಟನ್ ಅದನ್ನು ದಡದಲ್ಲಿ ಕಟ್ಟಿ, 1994ರಲ್ಲಿ ಎತ್ತುಗಳಿಂದ ಎಳೆಸಿ ಹೊಳೆಯ ಮೇಲೆ ಕೂರಿಸಿದರು. ಅಯೋವಾದ ಮ್ಯಾಡಿಸನ್ ಕೌಂಟಿಯ ಸೀಡರ್ ಸೇತುವೆಯಂತೂ 2002ರಲ್ಲಿ ಒಮ್ಮೆ, ಮತ್ತೆ ಕಟ್ಟಿದ ಮೇಲೆ 2017ರಲ್ಲಿ ಇನ್ನೊಮ್ಮೆ ಸುಟ್ಟುಹೋಯಿತು. ಎರಡೂ ಸಲ ಬೆಂಕಿ ಇಟ್ಟದ್ದೇ.

ಹಾಗಾಗಿ ಒಳಗೆ ದೀಪ ಹಾಕಿಸಿ. ಒಣ ಎಲೆ, ಕಾಗದ ಕೂಡದಂತೆ ನೋಡಿಕೊಳ್ಳಿ. ಬಿಸಿ ತಾಗಿದರೆ ಅಗ್ನಿಶಾಮಕ ದಳಕ್ಕೆ ಸೂಚನೆ ಹೋಗುವ ತಂತಿ ಸಿಗುತ್ತದೆ, ಅದಕ್ಕೆ ಹಣ ಕೂಡಿಸುವುದು ವ್ಯರ್ಥವಲ್ಲ. ಬೆಂಕಿ ತಡೆಯುವ ಲೇಪವನ್ನು ಪರಿಣತರನ್ನು ಕೇಳಿಯೇ ಹಚ್ಚಿಸಿ, ಕೆಲವು ಲೇಪ ತೇವ ಎಳೆದುಕೊಳ್ಳುತ್ತವೆ. ವರ್ಷಕ್ಕೊಮ್ಮೆ ಅಗ್ನಿಶಾಮಕದವರನ್ನು ಕರೆದು, ಪಂಪು ಎಲ್ಲಿಡುತ್ತೀರಿ, ನೀರು ಎಲ್ಲಿಂದ ಎಳೆಯುತ್ತೀರಿ ಅಂತ ಸ್ಥಳದಲ್ಲೇ ಕೇಳಿ.

ಲಾರಿಯದ್ದು ದಿನನಿತ್ಯದ ಕಾಟ. ಮನೆ ಸಾಮಾನು ಸಾಗಿಸುವ ಬಾಡಿಗೆ ವಾಹನದವರು ಫೋನಿನ ಮ್ಯಾಪ್ ನೋಡಿಕೊಂಡು ಬಂದು ಮಾಡಿಗೆ ಗುದ್ದುತ್ತಾರೆ. ಎತ್ತರ, ತೂಕದ ಬೋರ್ಡು ಸೇತುವೆ ಬಾಯಲ್ಲಿ ಇದ್ದರೆ ಸಾಲದು, ಲಾರಿ ತಿರುಗಿಸಲು ಜಾಗವಿರುವ ಹಿಂದಿನ ಕೂಡುರಸ್ತೆಯಲ್ಲೇ ಇರಬೇಕು. ಸೇತುವೆಗೆ ಮುಂಚೆ ಅದೇ ಎತ್ತರಕ್ಕೆ ಒಂದು ಅಡ್ಡಪಟ್ಟಿ ನಿಲ್ಲಿಸಿದರೆ ಮೊದಲ ಪೆಟ್ಟು ಅದಕ್ಕೆ ಬೀಳುತ್ತದೆ. ಮ್ಯಾಪ್ ಕಂಪನಿಗಳಿಗೆ ಎತ್ತರದ ಮಿತಿ ತಿಳಿಸಿ ತಿದ್ದಿಸುವುದು ನಮ್ಮ ಸಾಫ್ಟ್‌ವೇರ್ ಗೆಳೆಯರು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್ ನಡುವೆ 1866ರಲ್ಲಿ ಕಟ್ಟಿದ ಕಾರ್ನಿಶ್-ವಿಂಡ್ಸರ್ ಸೇತುವೆಯ ನೆತ್ತಿಯ ಮೇಲೆ ಇವತ್ತಿಗೂ ಒಂದು ಬರಹ ಇದೆ: ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕಟ್ಟಿ.

6. ರಿಪೇರಿ ಬಂದಾಗ

ಟ್ರಸ್ ಮುಟ್ಟುವ ಕೆಲಸವೆಲ್ಲ ಎಂಜಿನಿಯರಿಗೆ, ಮರಗೆಲಸದ ಗುತ್ತಿಗೆದಾರರಿಗೆ ಬಿಡಿ. ಆದರೆ ಎಂಥ ಎಂಜಿನಿಯರ್ ಅನ್ನುವುದು ಊರಿನ ಕೈಯಲ್ಲಿದೆ. ಹಳೇ ಮರದ ಸೇತುವೆ ಎಷ್ಟು ಮಾಡಿದ್ದೀರಿ, ಅವುಗಳಲ್ಲಿ ಹಳೇ ಮರ ಎಷ್ಟು ಉಳಿಸಿದಿರಿ ಅಂತ ಮೊದಲೇ ಕೇಳಿ. ಅವರು ಮಾಡಿದ ಒಂದು ಸೇತುವೆಯನ್ನಾದರೂ ಹೋಗಿ ನೋಡಿ ಬನ್ನಿ. ಅಭ್ಯಾಸವಿಲ್ಲದವರು ಕೂಡಲೇ ಕೆಳಗೆ ಉಕ್ಕಿನ ತೊಲೆ ಹಾಕೋಣ, ಹಳೇ ಮರ ಸುಮ್ನೆ ಅಲಂಕಾರಕ್ಕಿರಲಿ ಅನ್ನುತ್ತಾರೆ. ಭಾರ ಹೊರದ ಟ್ರಸ್ಸನ್ನು ನಾನು ಸೇತುವೆ ಅನ್ನಲಾರೆ. ದಿನವೂ ದೊಡ್ಡ ವಾಹನ ಹೋಗಲೇಬೇಕಾದ ಕಡೆ ಬೇರೆ ದಾರಿ ಇರದಿರಬಹುದು, ಅದು ನಿಜ. ಆದರೂ ಅದಕ್ಕೆ ಮುಂಚೆ ತೂಕದ ಮಿತಿ ಇಳಿಸಿ, ಲಾರಿಗಳನ್ನು ಬೇರೆ ರಸ್ತೆಗೆ ತಿರುಗಿಸಲು ಆಗುತ್ತದಾ ಅಂತ ಕೇಳಿ ನೋಡಿ.

ಕೊಳೆತಷ್ಟನ್ನು ಮಾತ್ರ ಕತ್ತರಿಸಿ, ಅದೇ ಜಾತಿಯ ಮರ ಬೆಸೆಯುವುದು ಸರಿಯಾದ ಕ್ರಮ. ನ್ಯಾಷನಲ್ ಪಾರ್ಕ್ ಸರ್ವಿಸ್ 2019ರಲ್ಲಿ ಚಾವಣಿ ಸೇತುವೆಗಳಿಗೆಂದೇ ಒಂದು ಕೈಪಿಡಿ ಹೊರತಂದಿದೆ. ಅದನ್ನು ಸಮಿತಿಯವರೆಲ್ಲ ಓದಿ. ಹಾಕಿದ ಹೊಸ ಮರದ ಮೇಲೆ, ಕಾಣದ ಬದಿಗೆ ವರ್ಷ ಕೆತ್ತಿಸಿ. ಹಳೇ ಗೋಡೆಯ ಮೇಲಿನ ಔಷಧಿ ಜಾಹೀರಾತು, ಹೆಸರು ಕೆತ್ತಿದ ಗುರುತುಗಳನ್ನು ಉಜ್ಜಿ ತೆಗೆಯಬೇಡಿ.

7. ಹಣ

ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇತುವೆ ಸೇರಿದೆಯಾ ನೋಡಿ. ಸೇರಿದರೆ ಅನುದಾನಕ್ಕೆ ದಾರಿಯಾಗುತ್ತದೆ. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೆಡವಬಾರದು ಅಂತೇನಿಲ್ಲ, ಕೇಂದ್ರ ಸರ್ಕಾರದ ಹಣ ಬಂದಾಗ ಪರಿಶೀಲನೆ ಕಡ್ಡಾಯ, ಅಷ್ಟೇ. ಚಾವಣಿ ಸೇತುವೆಗಳಿಗೆಂದೇ 1998ರ ಕಾನೂನಿನಲ್ಲಿ ಒಂದು ಕೇಂದ್ರ ಯೋಜನೆ ಬಂತು, ಅದಕ್ಕೆ ಎಲ್ಲ ವರ್ಷವೂ ಹಣ ಸಿಗುವುದಿಲ್ಲ. ಅನುದಾನ ಕೊಡುವವರು ಊರಿನ ಪಾಲು ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಊರಿನ ಬಜೆಟ್ಟಿನಲ್ಲಿ ಸಣ್ಣದಾದರೂ ಪ್ರತಿ ವರ್ಷ ಸೇರುವ ಒಂದು ಸೇತುವೆ ನಿಧಿ ಇರಲಿ.

ವರ್ಮಾಂಟಿನಲ್ಲಿ ಇದು ತೀರ್ಮಾನವಾಗುವುದು ಮಾರ್ಚ್ ಮೊದಲ ಮಂಗಳವಾರದ ಊರ ಸಭೆಯಲ್ಲಿ. ಆ ದಿನ ಎದ್ದು ನಿಂತು ಕೇಳಿದರೆ ತಡವಾಯಿತು. ಶರತ್ಕಾಲದಲ್ಲೇ ಊರಿನ ಆಡಳಿತ ಮಂಡಳಿಯ ಹತ್ತಿರ ಮಾತಾಡಿ. ಅವರು ಒಪ್ಪದಿದ್ದರೆ 5 ಪರ್ಸೆಂಟ್ ಮತದಾರರ ಸಹಿ ಹಾಕಿಸಿ, ಜನವರಿ ಮಧ್ಯದೊಳಗೆ ವಿಷಯಪಟ್ಟಿಗೆ ಸೇರಿಸಬೇಕು. ನಮ್ಮಲ್ಲಿ ಅನೇಕರು ಇನ್ನೂ ಇಲ್ಲಿನ ಪ್ರಜೆಗಳಾಗಿಲ್ಲ, ಹೆಚ್ಚಿನ ಊರುಗಳಲ್ಲಿ ಮತ ಹಾಕುವಂತಿಲ್ಲ. ಮನೆಮನೆಗೆ ಹೋಗಿ ವಿಷಯ ಹೇಳಲು, ಅರ್ಜಿ ಬರೆದುಕೊಡಲು, ಪೊರಕೆ ಹಿಡಿಯಲು ಯಾವ ಅಡ್ಡಿಯೂ ಇಲ್ಲ. ಊರಿನವರು ನನ್ನನ್ನು ಹೆಸರು ಹಿಡಿದು ಕರೆಯಲು ಶುರು ಮಾಡಿದ್ದು ಆ ಏಪ್ರಿಲ್ ಶನಿವಾರದಿಂದಲೇ.

8. ಪ್ರವಾಹಕ್ಕೆ ಮುಂಚೆ, ಪ್ರವಾಹದ ನಂತರ

1927ರ ನವೆಂಬರಿನ ಪ್ರವಾಹ ವರ್ಮಾಂಟಿನಲ್ಲಿ 1,285 ಸೇತುವೆಗಳನ್ನು ಹೊತ್ತೊಯ್ದಿತು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ಬಾರ್ಟನ್ಸ್‌ವಿಲ್ ಸೇತುವೆ ಹೋಯಿತು. 1870ರಲ್ಲಿ ಕಟ್ಟಿದ, 151 ಅಡಿ ಉದ್ದದ ಟೌನ್ ಲ್ಯಾಟಿಸ್. ಅದು ಮಗುಚಿ ತೇಲಿಹೋಗುವ ವಿಡಿಯೊ ನೋಡಿದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಊರಿನವರು ಮತ್ತೆ ಅದೇ ಮಾದರಿಯದ್ದೇ ಬೇಕು ಅಂದರು. 2013ರ ಜನವರಿಯಲ್ಲಿ ಹೊಸ ಚಾವಣಿ ಸೇತುವೆ ತೆರೆಯಿತು. ಐರೀನ್ ಬಂದ ಅದೇ ದಿನ ನ್ಯೂಯಾರ್ಕ್ ರಾಜ್ಯದಲ್ಲಿ 1855ರ ಹಳೇ ಬ್ಲೆನ್‌ಹೈಮ್ ಸೇತುವೆಯೂ ಹೋಗಿತ್ತು. ಅದು ಮತ್ತೆ ಎದ್ದು ನಿಲ್ಲಲು 2018 ಆಯಿತು, ಈ ಸಲ ಮೊದಲಿಗಿಂತ ಎತ್ತರದಲ್ಲಿ.

ಆದ್ದರಿಂದ ಈಗಲೇ ಎರಡು ಕೆಲಸ ಮಾಡಿ. ಸೇತುವೆಗೆ ವಿಮೆ ಇದೆಯಾ, ಅದೇ ರೀತಿ ಮರದಲ್ಲಿ ಮತ್ತೆ ಕಟ್ಟುವ ಖರ್ಚು ಅದರಲ್ಲಿ ಬರುತ್ತದಾ ಅಂತ ಟೌನ್ ಆಫೀಸಿನಲ್ಲಿ ಕೇಳಿ. ಮತ್ತೆ, ಪ್ರತಿ ಜೋಡಣೆಯ ಅಳತೆ, ನಕ್ಷೆ, ಫೋಟೊ ಮಾಡಿಸಿ ಎರಡು ಬೇರೆ ಬೇರೆ ಕಡೆ ಇಡಿ. ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರಿಗೆ ಒಳ್ಳೆಯ ಬೇಸಿಗೆ ಕೆಲಸ.

ಅಷ್ಟೆಲ್ಲ ಮಾಡಿಯೂ ಸೇತುವೆ ಹೋದರೆ, ನೀರಿಳಿದ ಕೂಡಲೇ ಮರ ಹುಡುಕಲು ಹೊರಡಿ. ಜೆಸಿಬಿಯವರು ಕಸ ಅಂತ ಸಾಗಿಸುವ ಮುಂಚೆ ಹೋಗಬೇಕು. ಚೀನಾದ ಜೆಜಿಯಾಂಗ್ ಪ್ರಾಂತ್ಯದ ತೈಶುನ್‌ನಲ್ಲಿ 2016ರ ಸೆಪ್ಟೆಂಬರ್ 15ರಂದು ಪ್ರವಾಹ ಒಂದೇ ದಿನ ಮೂರು ಹಳೇ ಚಾವಣಿ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಹಳ್ಳಿಯವರು ಹೊಳೆಯುದ್ದಕ್ಕೂ ನಡೆದು, ದಡಕ್ಕೆ ಬಿದ್ದ ತೊಲೆಗಳನ್ನು ಹೆಗಲ ಮೇಲೆ ಹೊತ್ತು ತಂದರು. ದೊಡ್ಡ ಮರಗಳಲ್ಲಿ ಬಹುಪಾಲು ಸಿಕ್ಕವು. ಅವನ್ನೇ ಬಳಸಿ ಅಲ್ಲಿನ ಬಡಗಿಗಳು 2017ರಲ್ಲಿ ಮೂರನ್ನೂ ಮತ್ತೆ ನಿಲ್ಲಿಸಿದರು. ಸಿಕ್ಕ ಪ್ರತಿ ತುಂಡಿಗೂ ಸಂಖ್ಯೆ ಬರೆದ ತಗಡಿನ ಚೀಟಿ ಹೊಡೆಯಿರಿ. ಎಲ್ಲಿ ಸಿಕ್ಕಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೆಲಕ್ಕೆ ತಾಗದ ಹಾಗೆ ಕೆಳಗೆ ಅಡ್ಡಪಟ್ಟಿ ಕೊಟ್ಟು, ಸಾಲಿನ ನಡುವೆ ಗಾಳಿಯಾಡಲು ಸಂದು ಬಿಟ್ಟು, ಯಾರದಾದರೂ ಕೊಟ್ಟಿಗೆಯಲ್ಲಿ ಪೇರಿಸಿಡಿ. ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಬೇಡಿ, ಒಳಗೇ ಬೆವೆತು ಕೊಳೆಯುತ್ತದೆ. ಗೂಟಗಳನ್ನು ಬೇರೆ ಬಕೆಟ್ಟಿನಲ್ಲಿ ಹಾಕಿಡಿ.